ಎ.ಎಫ್.ಎಂ.ಸಿ. ಸಂದರ್ಶನ: ಎರಡನೇ ‘ಯಾಕೆ’ಗೆ ತಯಾರಿ ಮಾಡಿಸಿ

ಪ್ರಶ್ನೆ: ಸರ್, ನಮ್ಮದು ಸಿಂಧನೂರು. ನನ್ನದೊಂದು ಗೊಬ್ಬರ, ಕ್ರಿಮಿನಾಶಕದ ಅಂಗಡಿ ಇದೆ. ಅಕ್ಕನ ಮಗಳಿಗೆ ನೀಟ್‌ನಲ್ಲಿ ಒಳ್ಳೆ ಅಂಕ ಬಂದಿದೆ. ಪುಣೆಯ ಎ.ಎಫ್.ಎಂ.ಸಿ.ಯಿಂದ, ಅಂದ್ರೆ ಸೇನೆಯ ಮೆಡಿಕಲ್ ಕಾಲೇಜಿನಿಂದ, ಸಂದರ್ಶನಕ್ಕೆ ಕರೆ ಬಂದಿದೆ. ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮ, ಪಿಯುಸಿ ರಾಯಚೂರಿನಲ್ಲಿ. ಇಂಗ್ಲಿಷ್ ಓದ್ತಾಳೆ, ಬರೀತಾಳೆ. ಮಾತಾಡು ಅಂದ್ರೆ ತಲೆ ತಗ್ಗಿಸ್ತಾಳೆ. ಬೆಂಗಳೂರಿನಲ್ಲಿ ಒಬ್ಬರು ಸಂದರ್ಶನದ ತರಬೇತಿ ಕೊಡ್ತೀವಿ ಅಂತ ದೊಡ್ಡ ಮೊತ್ತ ಕೇಳ್ತಿದ್ದಾರೆ. ಸೇರಿಸಬೇಕಾ? ಅಲ್ಲಿ ಏನೇನು ಕೇಳ್ತಾರೆ? ಇನ್ನೊಂದು ಮಾತು: ನಮ್ಮ ಭಾವನವರಿಗೆ ಮಗಳನ್ನು ಮಿಲಿಟರಿಗೆ ಕಳಿಸೋಕೆ ಅಷ್ಟು ಮನಸ್ಸಿಲ್ಲ.

ಉತ್ತರ: ಮೊದಲು ಹುಡುಗಿಗೆ ಶಾಬಾಶ್ ಹೇಳಿ. ಈ ಕರೆ ಸುಲಭಕ್ಕೆ ಬರುವುದಲ್ಲ. ಎ.ಎಫ್.ಎಂ.ಸಿ.ಯಲ್ಲಿ ನಮ್ಮ ದೇಶದ ಮಕ್ಕಳಿಗೆ ಇರುವುದು 145 ಸೀಟು. ಅದರಲ್ಲಿ ಹುಡುಗಿಯರಿಗೆ 30 ಮಾತ್ರ. ಹಾಗಾಗಿ ಹುಡುಗಿಯರ ಕಟ್ ಆಫ್ ಹುಡುಗರದ್ದಕ್ಕಿಂತ ಮೇಲೇ ಇರುತ್ತದೆ. ಸಿಂಧನೂರು ಕಡೆಯ ಹಳ್ಳಿಯಿಂದ ಹೋಗಿ ಆ ಪಟ್ಟಿಯಲ್ಲಿ ಹೆಸರು ಬರಿಸಿಕೊಂಡವಳಿಗೆ ‘ನಿನಗೆ ಇಂಗ್ಲಿಷ್ ಬರಲ್ಲ’ ಅಂತ ಮನೆಯವರು ದಿನಾ ನೆನಪಿಸಬಾರದು. ಅದನ್ನು ಇವತ್ತೇ ನಿಲ್ಲಿಸಿ.

ಇದನ್ನು ಓದುವ ಬೇರೆ ಪಾಲಕರಿಗೂ ಒಂದು ಮಾತು. ಕರ್ನಾಟಕದಲ್ಲಿ ಸಾಮಾನ್ಯ ಎಂ.ಬಿ.ಬಿ.ಎಸ್. ಸೀಟಿಗೆ ಸಂದರ್ಶನವೇ ಇಲ್ಲ. ನೀಟ್ ರ‍್ಯಾಂಕ್, ಕೆ.ಇ.ಎ. (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದು), ಸೀಟು ಹಂಚಿಕೆ. ಅಷ್ಟೇ. ‘ಕಾಲೇಜಿನವರು ಇಂಟರ್‌ವ್ಯೂ ಮಾಡ್ತಾರೆ, ನಾನು ಒಳಗೆ ಮಾತಾಡ್ತೀನಿ’ ಅಂತ ಯಾರಾದರೂ ಫೋನ್ ಮಾಡಿದರೆ ಅವರಿಗೆ ಬೇಕಿರುವುದು ನಿಮ್ಮ ದುಡ್ಡು. ಫೋನ್ ಇಟ್ಟುಬಿಡಿ. ಸಂದರ್ಶನ ಅನ್ನುವುದು ಎ.ಎಫ್.ಎಂ.ಸಿ.ಯಂಥ ಕಡೆ ಮಾತ್ರ, ಯಾಕೆಂದರೆ ಅಲ್ಲಿ ಡಾಕ್ಟರ್ ಜೊತೆಗೆ ಸೇನಾಧಿಕಾರಿಯನ್ನೂ ಆರಿಸುತ್ತಾರೆ.

ಈಗ ನಿಮ್ಮ ಭಾವನವರ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನೀವು ಅದನ್ನು ಕೊನೆಯಲ್ಲಿ ಬರೆದಿದ್ದೀರಿ. ಆದರೆ ತಯಾರಿ ಶುರುವಾಗಬೇಕಾದ್ದು ಅಲ್ಲಿಂದಲೇ. ಮನೆಯಲ್ಲಿ ತೀರ್ಮಾನ ಆಗದ ಮಾತು ಸಂದರ್ಶನದ ಕೋಣೆಯಲ್ಲಿ ಹೊರಗೆ ಬಂದೇ ಬರುತ್ತದೆ. ‘ನಿಮ್ಮ ತಂದೆ ಏನಂತಾರೆ?’ ಅಂತ ಒಬ್ಬರು ಕೇಳಿದರೆ ಸಾಕು, ಹುಡುಗಿಯ ಮುಖ ಎಲ್ಲವನ್ನೂ ಹೇಳಿಬಿಡುತ್ತದೆ.

ಭಾವನವರಿಗೆ ವಿಷಯ ಹೀಗೆ ತಿಳಿಸಿ. ಎ.ಎಫ್.ಎಂ.ಸಿ. ಶುರುವಾಗಿದ್ದು 1948ರಲ್ಲಿ. ಓದುವಾಗ ಬೋಧನಾ ಶುಲ್ಕ ಇಲ್ಲ. ಬದಲಿಗೆ ಬಾಂಡ್ ಇದೆ. ಓದು ಮುಗಿದ ಮೇಲೆ ಸೇನೆ, ನೌಕಾಪಡೆ ಅಥವಾ ವಾಯುಪಡೆಯಲ್ಲಿ ವೈದ್ಯಾಧಿಕಾರಿಯಾಗಿ ಸೇವೆ ಮಾಡಲೇಬೇಕು. ಬಿಡಬೇಕೆಂದರೆ ದೊಡ್ಡ ಮೊತ್ತ ಕಟ್ಟಬೇಕು. ಆ ಮೊತ್ತ ಎಷ್ಟು ಅನ್ನುವುದು ಮಾಹಿತಿ ಪುಸ್ತಿಕೆಯಲ್ಲಿ ಅಚ್ಚಾಗಿರುತ್ತದೆ. ಸಹಿ ಮಾಡುವ ಮೊದಲು ಮನೆಯವರೆಲ್ಲ ಕೂತು ಓದಿ. ಓದುವ ಅವಧಿಯಲ್ಲಿ ಮದುವೆ ಆಗುವಂತಿಲ್ಲ. ನಮ್ಮ ಕಡೆ ಈ ಮಾತು ಕೇಳಿದ ಕೂಡಲೇ ಅಜ್ಜಿಯರ ಮುಖ ಬಾಡುತ್ತದೆ. ಹುಡುಗಿಯರಿಗೆ ಒಳಗೊಳಗೇ ಖುಷಿ ಆಗುವುದನ್ನೂ ನೋಡಿದ್ದೇನೆ.

ಹುಡುಗಿ ಅಲ್ಲಿ ಹೇಗಿರುತ್ತಾಳೆ ಅನ್ನುವ ಚಿಂತೆ ಇದ್ದರೆ ಒಂದು ಸಂಗತಿ ಹೇಳಿ. 2024ರ ಅಕ್ಟೋಬರಿನಲ್ಲಿ ಮೂರೂ ಪಡೆಗಳ ವೈದ್ಯಕೀಯ ಸೇವೆಯ ಮಹಾನಿರ್ದೇಶಕರಾಗಿ ಬಂದವರು ಆರತಿ ಸರೀನ್. ಆ ಹುದ್ದೆಗೆ ಬಂದ ಮೊದಲ ಮಹಿಳೆ, ಓದಿದ್ದು ಇದೇ ಕಾಲೇಜಿನಲ್ಲಿ. ಆಮೇಲೆ ಭಾವನವರು ಏನೇ ತೀರ್ಮಾನ ಮಾಡಲಿ, ಅದು ತಿಳಿದು ಮಾಡಿದ್ದಾಗಿರಲಿ.

ಇನ್ನೊಂದು ಲೆಕ್ಕವೂ ಇದೆ. ಹುಡುಗಿಯರ ಪಟ್ಟಿಯಲ್ಲಿ ಕರೆ ಬರುವಷ್ಟು ಅಂಕ ಇದ್ದರೆ ಅವಳಿಗೆ ಕರ್ನಾಟಕದಲ್ಲೇ ಸರ್ಕಾರಿ ಸೀಟು ಸಿಗುವ ಸಾಧ್ಯತೆ ಚೆನ್ನಾಗಿದೆ. ಸಂವಿಧಾನದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ನಮ್ಮ ಭಾಗದ ಮಕ್ಕಳಿಗೇ ಮೀಸಲು, ಉಳಿದ ಕರ್ನಾಟಕದಲ್ಲಿ ಶೇ. 8. ಅಂದರೆ ರಾಯಚೂರಿನ ರಿಮ್ಸ್, ಬಳ್ಳಾರಿ, ಕೊಪ್ಪಳ, ಯಾವ ಸರ್ಕಾರಿ ಮೆಡಿಕಲ್ ಕಾಲೇಜೂ ಅವಳ ಕೈಗೆ ಎಟುಕದ್ದಲ್ಲ. ಎ.ಎಫ್.ಎಂ.ಸಿ.ಯಲ್ಲಿ ಈ ಮೀಸಲಾತಿ ನಡೆಯುವುದಿಲ್ಲ, ಅದು ಅಖಿಲ ಭಾರತ ಪಟ್ಟಿ. ಹಾಗಾಗಿ ಸಂದರ್ಶನದ ಬೋರ್ಡಿನಲ್ಲಿ ಕೂತವರು ಒಂದು ಪ್ರಶ್ನೆಯನ್ನು ಕೇಳುವ ಸಾಧ್ಯತೆ ತುಂಬಾ ಇದೆ: ‘ಮನೆ ಹತ್ತಿರ ಸರ್ಕಾರಿ ಸೀಟು ಸಿಗುತ್ತೆ, ಸೇನೆಯ ಬಾಂಡ್ ಇಲ್ಲದೆ ಓದಬಹುದು. ಇಲ್ಲಿಗೆ ಯಾಕೆ ಬಂದೆ?’

ಇದಕ್ಕೆ ‘ದೇಶಸೇವೆ’ ಅನ್ನುವುದು ಉತ್ತರವಾಗುವುದಿಲ್ಲ. ರಿಮ್ಸ್‌ನಲ್ಲಿ ಓದಿ ಮಸ್ಕಿಯ ಆಸ್ಪತ್ರೆಯಲ್ಲಿ ಕೂತವರು ಮಾಡುವುದೂ ದೇಶಸೇವೆಯೇ ಅಲ್ವಾ? ಅವಳ ನಿಜವಾದ ಕಾರಣ ಏನು? ಖರ್ಚಾ? ಶಿಸ್ತಿನ ಬದುಕು ಇಷ್ಟವಾ? ಊರು ಬಿಟ್ಟು ಹೊರಗೆ ಹೋಗಬೇಕು ಅನ್ನುವ ಆಸೆಯಾ? ಓದು ಮುಗಿದ ತಕ್ಷಣ ಕೆಲಸ ಇರುತ್ತೆ, ಮನೆಗೆ ಆಸರೆ ಆಗ್ತೀನಿ ಅನ್ನುವುದಾ? ಇವು ಯಾವುವೂ ನಾಚಿಕೆಪಡುವ ಕಾರಣಗಳಲ್ಲ. ‘ನಮ್ಮಪ್ಪ ಭತ್ತದ ರೈತರು. ನಾಲೆಗೆ ನೀರು ಬಿಟ್ಟ ವರ್ಷ ಒಂದು ಥರ, ಬಿಡದ ವರ್ಷ ಒಂದು ಥರ. ನನ್ನ ಓದಿನ ಖರ್ಚು ಅವರ ಮೇಲೆ ಬೀಳಬಾರದು. ಆಮೇಲೆ ಎನ್.ಸಿ.ಸಿ.ಯಲ್ಲಿ ಇದ್ದಾಗಿಂದ ನನಗೆ ಸಮವಸ್ತ್ರ ಇಷ್ಟ’ ಅಂತ ಒಬ್ಬಳು ಹೇಳಿದರೆ ನಾನಂತೂ ನಂಬುತ್ತೇನೆ. ಎನ್.ಸಿ.ಸಿ.ಯಲ್ಲಿ ಇರದೇ ಇದ್ದರೆ ಆ ಮಾತು ಬೇಡ. ಮುಂದಿನ ಪ್ರಶ್ನೆಯೇ ‘ಯಾವ ಕ್ಯಾಂಪಿಗೆ ಹೋಗಿದ್ದೆ?’ ಆಗಿರುತ್ತದೆ.

ನಾನು ಬಳ್ಳಾರಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು. ಸಂದರ್ಶನಕ್ಕೆ ಹೋಗುವ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವ ಕೆಲಸವನ್ನೂ ಮಾಡುತ್ತಾ ಬಂದಿದ್ದೇನೆ. ಅದರಿಂದ ಕಂಡುಕೊಂಡ ಮಾತು ಒಂದೇ. ಮೊದಲ ಪ್ರಶ್ನೆಗೆ ಎಲ್ಲರೂ ಉತ್ತರ ಕೊಡುತ್ತಾರೆ. ಎರಡನೇ ‘ಯಾಕೆ’ಗೆ ಬಾಯಿಪಾಠ ಮುಗಿದಿರುತ್ತದೆ. ಅಲ್ಲಿಂದ ಮುಂದಕ್ಕೆ ಹುಡುಗಿ ತಾನು ಕಂಡಿದ್ದನ್ನು ಹೇಳಬೇಕು, ಇಲ್ಲ ಸುಮ್ಮನಾಗಬೇಕು. ತಯಾರಿ ಅಂದರೆ ಆ ಎರಡನೇ, ಮೂರನೇ ಪ್ರಶ್ನೆಗೆ ಮಾಡುವ ತಯಾರಿ.

ಸಿರುಗುಪ್ಪ ಕಡೆಯ ಹುಡುಗಿಯೊಬ್ಬಳ ಜೊತೆ ನಡೆದ ಮಾತು ಹೀಗಿತ್ತು.

‘ಡಾಕ್ಟರ್ ಯಾಕೆ ಆಗ್ಬೇಕಮ್ಮ?’

‘ಬಡವರ ಸೇವೆ ಮಾಡಬೇಕು ಸರ್.’

‘ಯಾವ ಬಡವರು?’

ಉತ್ತರ ಇಲ್ಲ. ಕೈಯಲ್ಲಿ ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡುತ್ತಿದ್ದಳು.

‘ಹೋಗಲಿ, ನಿಮ್ಮೂರಲ್ಲಿ ರಾತ್ರಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಏನ್ ಮಾಡ್ತೀರಿ?’

‘ಬೈಕ್ ಮ್ಯಾಲೆ ಕರ್ಕೊಂಡು ಹೋಗ್ತಾರ ಸರ್. ನಮ್ಮ ದೊಡ್ಡಪ್ಪಗ ಹಂಗಾ ಆಗಿತ್ತು. ಗದ್ದಿಗೆ ನೀರು ಕಟ್ಟಾಕ ಹೋಗಿದ್ದ, ಹಾವು ಕಡೀತು. ಮೊದಲು ಮಂತ್ರ ಹಾಕೋರ ಹತ್ರ ಕರ್ಕೊಂಡು ಹೋದ್ರು. ಕಾಲಿಗೆ ಹಗ್ಗ ಬಿಗಿದಿದ್ರು, ಕಾಲು ಊದಿ ನೀಲಿ ಆಗಿತ್ತು…’

ಅಲ್ಲಿಂದ ಅವಳು ನಿಲ್ಲಲೇ ಇಲ್ಲ. ಆಸ್ಪತ್ರೆಯಲ್ಲಿ ನರ್ಸ್ ಮೊದಲು ಹಗ್ಗ ಬಿಚ್ಚಿದ್ದು, ಎಷ್ಟು ಬಾಟಲಿ ಇಂಜೆಕ್ಷನ್ ಹಾಕಿದರು ಅಂತ ಇವಳು ಎಣಿಸಿದ್ದು, ದೊಡ್ಡಮ್ಮ ಹೊರಗೆ ಕೂತು ಹರಕೆ ಹೊತ್ತಿದ್ದು. ಪೆನ್ನಿನ ಕ್ಯಾಪ್ ಯಾವಾಗಲೋ ಮೇಜಿನ ಮೇಲೆ ಬಂದು ಕೂತಿತ್ತು. ‘ಬಡವರ ಸೇವೆ’ ಅನ್ನುವ ಉತ್ತರದ ಒಳಗೆ ಇದ್ದಿದ್ದು ಇದು. ಆದರೆ ಇದನ್ನೆಲ್ಲ ‘ಇಂಟರ್‌ವ್ಯೂನಲ್ಲಿ ಹೇಳಬಾರದು, ಹಳ್ಳಿ ಮಾತು’ ಅಂತ ಅವಳಿಗೆ ಯಾರೋ ಹೇಳಿದ್ದರು!

ಹೇಳಬೇಕಾದ್ದೇ ಇದು. ಆದರೆ ಹೇಳಿದ ಮೇಲೆ ಅದರ ಹಿಂದಿನ ವಿಜ್ಞಾನವೂ ಗೊತ್ತಿರಬೇಕು. ಹಗ್ಗ ಯಾಕೆ ಬಿಗಿಯಬಾರದು? ರಕ್ತ ಓಡಾಡದೆ ಆ ಭಾಗವೇ ಕೊಳೆಯಬಹುದು. ಗಾಯ ಕೊಯ್ಯಬಾರದು, ಬಾಯಲ್ಲಿ ವಿಷ ಹೀರಬಾರದು. ಕಚ್ಚಿದ ಕೈಯೋ ಕಾಲೋ ಅಲುಗಾಡದಂತೆ ಇಟ್ಟು ಬೇಗ ಆಸ್ಪತ್ರೆಗೆ ಸೇರಿಸಬೇಕು. ನಮ್ಮಲ್ಲಿ ಸಿಗುವ ವಿಷನಿರೋಧಕ ಇಂಜೆಕ್ಷನ್ ನಾಲ್ಕು ಹಾವುಗಳ ವಿಷಕ್ಕೆ ಕೆಲಸ ಮಾಡುತ್ತದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಅದನ್ನು ಕುದುರೆಯ ರಕ್ತದಲ್ಲಿ ತಯಾರಾದ ಪ್ರತಿಕಾಯದಿಂದ ಮಾಡುತ್ತಾರೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಇಷ್ಟು ಗೊತ್ತಿದ್ದರೆ ಎರಡನೇ ಪ್ರಶ್ನೆ ಬರಲಿ, ಮೂರನೆಯದು ಬರಲಿ, ಹುಡುಗಿ ನಿಲ್ಲುತ್ತಾಳೆ.

ಈಗ ನಿಮ್ಮ ಅಕ್ಕನ ಮಗಳಿಗೆ ಬರೋಣ. ಅವಳ ಪ್ರಶ್ನೆಪತ್ರಿಕೆ ನಿಮ್ಮ ಅಂಗಡಿಯಲ್ಲೇ ಇದೆ. ತಮಾಷೆ ಮಾಡ್ತಿಲ್ಲ. ಕ್ರಿಮಿನಾಶಕದ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದಲ್ಲ, ಅದನ್ನು ಅವಳ ಕೈಗೆ ಕೊಡಿ. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಅದೇ ಚೀಟಿಯಲ್ಲಿ ವಿಷ ಒಳಗೆ ಹೋದರೆ ಏನು ಮಾಡಬೇಕು, ಪ್ರತಿವಿಷ ಯಾವುದು ಅಂತಲೂ ಅಚ್ಚಾಗಿರುತ್ತದೆ. ಅದನ್ನು ಓದುವ ರೈತರು ಎಷ್ಟು ಜನ? ಓದೋಕೆ ಬರುವ ಭಾಷೆಯಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇದೆಯಾ? ಕೈಗವಸು ಹಾಕಿಕೊಂಡು ಔಷಧಿ ಹೊಡೆಯುವವರನ್ನು ಅವಳು ಎಂದಾದರೂ ನೋಡಿದ್ದಾಳಾ? ಮಧ್ಯಾಹ್ನದ ಬಿಸಿಲಲ್ಲಿ ಅದನ್ನು ಹಾಕಿಕೊಳ್ಳೋಕೆ ಆಗುತ್ತಾ?

ಇಲ್ಲಿಂದ ಒಂದು ಹೆಜ್ಜೆ ಒಳಗೆ ಹೋದರೆ ಅವಳು ಓದಿದ ಜೀವಶಾಸ್ತ್ರವೇ ಸಿಗುತ್ತದೆ. ಆರ್ಗನೋಫಾಸ್ಫೇಟ್ ಗುಂಪಿನ ಕ್ರಿಮಿನಾಶಕಗಳು ಅಸಿಟೈಲ್‌ಕೋಲಿನೆಸ್ಟರೇಸ್ ಅನ್ನುವ ಕಿಣ್ವವನ್ನು ತಡೆಯುತ್ತವೆ. ನರಗಳ ಸಂದೇಶ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಕಣ್ಣಿನ ಪಾಪೆ ಚುಕ್ಕಿಯಷ್ಟಾಗುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಬೆವರು, ವಾಂತಿ, ಉಸಿರಾಟಕ್ಕೆ ತೊಂದರೆ. ಚಿಕಿತ್ಸೆಗೆ ಅಟ್ರೋಪಿನ್ ಅನ್ನುವ ಔಷಧಿ ಕೊಡುತ್ತಾರೆ. ಪಿಯುಸಿ ಮುಗಿಸಿದ ಹುಡುಗಿಯಿಂದ ಇದಕ್ಕಿಂತ ಜಾಸ್ತಿ ಯಾರೂ ಕೇಳುವುದಿಲ್ಲ. ‘ನನ್ನ ಮಾವನ ಅಂಗಡಿಯಲ್ಲಿ ಈ ಡಬ್ಬಿಗಳನ್ನು ನೋಡ್ತಾನೇ ಬೆಳೆದೆ’ ಅಂತ ಅವಳು ಶುರು ಮಾಡಿದರೆ, ದೆಹಲಿಯ ದೊಡ್ಡ ಶಾಲೆಯಿಂದ ಬಂದವರ ಬಳಿ ಅಂಥ ಮಾತು ಇರುವುದಿಲ್ಲ.

ಆದರೆ ಇದನ್ನು ನೀವು ಬರೆದುಕೊಟ್ಟು ಬಾಯಿಪಾಠ ಮಾಡಿಸಿದರೆ ಕೆಟ್ಟಿತು. ಅವಳನ್ನು ನಾಲ್ಕು ದಿನ ಸಂಜೆ ಅಂಗಡಿಯಲ್ಲಿ ಕೂರಿಸಿಕೊಳ್ಳಿ. ಬರುವ ರೈತರನ್ನು ಅವಳೇ ಮಾತಾಡಿಸಲಿ. ‘ಅಣ್ಣಾ, ಹೊಡೆಯುವಾಗ ಮೂಗಿಗೆ ಏನ್ ಕಟ್ಕೊಂತೀರಿ? ಖಾಲಿ ಡಬ್ಬಿ ಏನ್ ಮಾಡ್ತೀರಿ?’ ಗುರುತಿಲ್ಲದವರನ್ನು ಮಾತಾಡಿಸುವ ಧೈರ್ಯ ಬರುವುದು ಹೀಗೇ. ತಲೆ ತಗ್ಗಿಸುವುದು ಭಾಷೆಯ ತೊಂದರೆ ಅಂತ ನೀವು ಅಂದುಕೊಂಡಿದ್ದೀರಿ. ಕನ್ನಡದಲ್ಲೂ ಅವಳು ದೊಡ್ಡವರ ಮುಂದೆ ಮಾತಾಡುವುದು ಕಡಿಮೆ ಇರಬಹುದು, ಗಮನಿಸಿ ನೋಡಿ. ನಮ್ಮ ಮನೆಗಳಲ್ಲಿ ಹುಡುಗಿಯರಿಗೆ ಅದನ್ನೇ ತಾನೇ ಕಲಿಸಿರೋದು?

ಇಂಗ್ಲಿಷ್ ವಿಷಯ ಹಗುರವಾಗಿ ತೆಗೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಸಂದರ್ಶನಕ್ಕೆ ಮೊದಲು ಪುಣೆಯಲ್ಲೇ ಒಂದು ಪರೀಕ್ಷೆ ಇರುತ್ತದೆ. ಇಂಗ್ಲಿಷ್ ಭಾಷೆ, ಓದಿ ಅರ್ಥ ಮಾಡಿಕೊಳ್ಳುವುದು, ತರ್ಕ. ಹಿಂದಿನ ವರ್ಷಗಳ ಪ್ರಕಟಣೆಯಲ್ಲಿ 40 ಪ್ರಶ್ನೆ, 80 ಅಂಕ, 30 ನಿಮಿಷ, ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ಸಂದರ್ಶನಕ್ಕೆ 50 ಅಂಕ. ಈ ವರ್ಷದ ವಿವರ ಅವಳ ಕರೆಪತ್ರದಲ್ಲಿ ಇರುತ್ತದೆ, ಅದೇ ಅಂತಿಮ. ಮನೋವೈಜ್ಞಾನಿಕ ಪರೀಕ್ಷೆಯೂ ಒಂದು ಇರುತ್ತದೆ. ಅದಕ್ಕೆ ತಯಾರಿ ಬೇಡ. ಅನಿಸಿದ್ದನ್ನು ಅನಿಸಿದ ಹಾಗೆ ಬರೆದು ಬರಲಿ. ಒಳ್ಳೆಯವಳಾಗಿ ಕಾಣಿಸಿಕೊಳ್ಳೋಕೆ ಹೋದರೆ ಒಂದು ಉತ್ತರಕ್ಕೂ ಇನ್ನೊಂದಕ್ಕೂ ತಾಳೆ ಆಗುವುದಿಲ್ಲ.

ಮೂವತ್ತು ನಿಮಿಷಕ್ಕೆ ನಲವತ್ತು ಪ್ರಶ್ನೆ ಅಂದರೆ ಒಂದಕ್ಕೆ ಮುಕ್ಕಾಲು ನಿಮಿಷ. ಇಂಗ್ಲಿಷನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು ಓದುವವರಿಗೆ ಇದು ಸಾಲುವುದಿಲ್ಲ. ಹಾಗಾಗಿ ಇವತ್ತಿನಿಂದಲೇ ದಿನಾ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಗಡಿಯಾರ ಇಟ್ಟುಕೊಂಡು ಓದಲಿ. ಓದಿದ ಮೇಲೆ ಪತ್ರಿಕೆ ಮುಚ್ಚಿಟ್ಟು ಅದರಲ್ಲಿ ಏನಿತ್ತು ಅಂತ ಜೋರಾಗಿ ಹೇಳಲಿ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಅವಳೇ ಕೇಳಲಿ. ಮೊದಲ ದಿನ ನಗು ಬರುತ್ತೆ, ಬರಲಿ.

ಮಾತಿನ ವಿಷಯದಲ್ಲಿ ಒಂದೇ ನಿಯಮ: ಸಣ್ಣ ವಾಕ್ಯ. ಕನ್ನಡ ಮಾಧ್ಯಮದ ಮಕ್ಕಳು ಕೆಡುವುದು ಉದ್ದ ವಾಕ್ಯ ಶುರು ಮಾಡಿ ನಡುವೆ ದಾರಿ ತಪ್ಪಿದಾಗ. ‘ಮೈ ಫಾದರ್ ಈಸ್ ಎ ಫಾರ್ಮರ್. ವಿ ಗ್ರೋ ಪ್ಯಾಡಿ. ವಾಟರ್ ಕಮ್ಸ್ ಫ್ರಮ್ ತುಂಗಭದ್ರಾ ಡ್ಯಾಮ್.’ ಇಷ್ಟು ಸಾಕು. ಉಚ್ಚಾರದಲ್ಲಿ ನಮ್ಮ ಕಡೆಯ ಛಾಯೆ ಇರುತ್ತೆ. ಸೇನೆಯಲ್ಲಿ ಎಲ್ಲ ರಾಜ್ಯದವರೂ ಇದ್ದಾರೆ, ತಮಿಳರ ಇಂಗ್ಲಿಷೂ ಅಲ್ಲಿದೆ, ಪಂಜಾಬಿಗಳದ್ದೂ ಇದೆ. ಯಾರೂ ಅದಕ್ಕೆ ಅಂಕ ಕಳೆಯುವುದಿಲ್ಲ. ಪ್ರಶ್ನೆ ಅರ್ಥವಾಗದಿದ್ದರೆ ‘ಸರ್, ಪ್ಲೀಸ್ ರಿಪೀಟ್’ ಅನ್ನಬೇಕು. ಅರ್ಥವಾಗದ ಪ್ರಶ್ನೆಗೆ ಅಂದಾಜಿನ ಮೇಲೆ ಉತ್ತರ ಕೊಡುವುದು ಅದಕ್ಕಿಂತ ದೊಡ್ಡ ಅಪಾಯ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು, ಮುಖ ಸಣ್ಣ ಮಾಡಿಕೊಳ್ಳದೆ. ರೋಗಿಯ ಮುಂದೆ ಗೊತ್ತಿಲ್ಲದ್ದನ್ನು ಗೊತ್ತು ಅನ್ನುವ ಡಾಕ್ಟರ್ ಯಾರಿಗೆ ಬೇಕು?

ಇನ್ನು ‘ನಿಮ್ಮೂರಿನ ಬಗ್ಗೆ ಹೇಳು’ ಅನ್ನುವ ಪ್ರಶ್ನೆ. ಇದು ಸುಲಭ ಅಂತ ಮಕ್ಕಳು ಬಿಟ್ಟುಬಿಡುತ್ತಾರೆ. ಸಿಂಧನೂರು ಅಂದರೆ ಭತ್ತ, ಅಕ್ಕಿ ಗಿರಣಿ, ಎಡದಂಡೆ ನಾಲೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಅವತ್ತು ಅವರ ಮನೆಯಲ್ಲಿ ಏನು ಮಾತಾಡಿಕೊಂಡರು? ಅದು ಅವಳಿಗೆ ನೆನಪಿರುತ್ತದೆ. ಮಸ್ಕಿಯ ಶಾಸನವೂ ಹತ್ತಿರದಲ್ಲೇ ಇದೆ. 1915ರಲ್ಲಿ ಸಿಕ್ಕಿದ್ದು, ಅಶೋಕ ಅನ್ನುವ ಹೆಸರೇ ಕೆತ್ತಿರುವ ಶಾಸನ. ಅಶೋಕನ ಇನ್ನೊಂದು ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ ಮಾತು ಬರುತ್ತದೆ. ಅದನ್ನು ತಾನಾಗಿ ಎಳೆದು ತರುವುದು ಬೇಡ, ತಂದರೆ ಕ್ವಿಜ್ ಸ್ಪರ್ಧೆ ಆಗುತ್ತದೆ. ಕೇಳಿದರೆ ಹೇಳಲಿ.

ನಮ್ಮ ಭಾಗದ ಆರೋಗ್ಯದ ಸುದ್ದಿ ಮಾತ್ರ ಗೊತ್ತಿರಲೇಬೇಕು. ರಾಯಚೂರು, ಕೊಪ್ಪಳ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ದಾರಿಯೇ ಇಲ್ಲದಿದ್ದರೆ 1.5. ಅದಕ್ಕಿಂತ ಮೇಲಾದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ವಯಸ್ಸಾದವರಿಗೆ ಬೆನ್ನು, ಕೀಲು ಹಿಡಿದುಕೊಳ್ಳುವುದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲಾಗಿ ತೀರಿಕೊಂಡರು. ಡ್ರಿಪ್‌ನಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ರಾಜ್ಯದಲ್ಲೆಲ್ಲ ಪ್ರಶ್ನೆ ಎದ್ದಿತು. ಇಂಥ ವಿಷಯ ಬಂದಾಗ ಸರ್ಕಾರವನ್ನು ಬೈಯುವುದೂ ಬೇಡ, ಹೊಗಳುವುದೂ ಬೇಡ. ಏನಾಯಿತು, ಔಷಧಿ ಆಸ್ಪತ್ರೆಗೆ ಬರುವ ಮೊದಲು ಎಲ್ಲಿ ತಪಾಸಣೆ ಆಗಬೇಕು, ವಾರ್ಡಿನಲ್ಲಿ ಮೊದಲ ರೋಗಿಗೆ ಹೀಗಾದಾಗ ಡಾಕ್ಟರ್ ಏನು ಅನುಮಾನ ಪಡಬೇಕು ಅಂತ ಯೋಚಿಸಿ ಹೇಳಿದರೆ ಸಾಕು. ರಾಯಚೂರಿಗೆ ಏಮ್ಸ್ ಬೇಕು ಅಂತ ಜನ ವರ್ಷಗಟ್ಟಲೆ ಧರಣಿ ಕೂತಿದ್ದೂ ಅವಳಿಗೆ ಗೊತ್ತಿರಲಿ.

ಸೇನೆಯ ಕಡೆಯ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ನಾನು ಎಲ್ಲ ಮಕ್ಕಳಿಗೂ ಕೇಳುತ್ತೇನೆ. ನಿನ್ನ ಮುಂದೆ ಇಬ್ಬರು ಗಾಯಾಳು. ಒಬ್ಬ ನಮ್ಮ ಸೈನಿಕ, ಕೈ ಮುರಿದಿದೆ. ಇನ್ನೊಬ್ಬ ಶತ್ರು ಸೈನಿಕ, ತೊಡೆಯಿಂದ ರಕ್ತ ಚಿಮ್ಮುತ್ತಿದೆ. ಮೊದಲು ಯಾರು? ಹೆಚ್ಚಿನವರು ‘ನಮ್ಮ ಸೈನಿಕ ಸರ್’ ಅಂತ ಎದೆಯುಬ್ಬಿಸಿ ಹೇಳುತ್ತಾರೆ. ಅದು ತಪ್ಪು. 1949ರ ಜಿನೀವಾ ಒಪ್ಪಂದದ ಪ್ರಕಾರ ಯಾರಿಗೆ ಮೊದಲು ಚಿಕಿತ್ಸೆ ಅನ್ನುವುದನ್ನು ವೈದ್ಯಕೀಯ ತುರ್ತು ಮಾತ್ರ ನಿರ್ಧರಿಸಬೇಕು. ಭಾರತ ಅದಕ್ಕೆ ಬದ್ಧ. ಗಾಯಾಳುಗಳನ್ನು ತುರ್ತಿನ ಪ್ರಕಾರ ವಿಂಗಡಿಸುವುದಕ್ಕೆ ಟ್ರಯಾಜ್ ಅನ್ನುತ್ತಾರೆ. ತೊಡೆಯ ರಕ್ತನಾಳ ಹರಿದವನು ಕೆಲವೇ ನಿಮಿಷದಲ್ಲಿ ಸಾಯಬಹುದು. ಕೈ ಮುರಿದವನು ಕಾಯಬಹುದು.

ಇಲ್ಲೂ ಎರಡನೇ ‘ಯಾಕೆ’ ಇದೆ. ‘ನಿನ್ನ ಸೈನಿಕ ಅದನ್ನು ನೋಡ್ತಾ ಕೂತಿದ್ದಾನೆ. ಅವನಿಗೆ ಏನು ಹೇಳ್ತೀಯ?’ ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ. ಒಬ್ಬ ಹುಡುಗ ‘ನೋವಿಗೆ ಇಂಜೆಕ್ಷನ್ ಕೊಟ್ಟು, ಇವನ ಚಿಕಿತ್ಸೆ ಮುಗಿಸಿ ಬರ್ತೀನಿ ಅಂತೀನಿ ಸರ್’ ಅಂದ. ಇನ್ನೊಬ್ಬಳು ‘ನಾಳೆ ನೀವು ಅವರ ಕಡೆ ಸಿಕ್ಕಿಬಿದ್ರೆ ಅವರ ಡಾಕ್ಟರೂ ಹೀಗೇ ಮಾಡಬೇಕಲ್ವಾ ಅಂತೀನಿ’ ಅಂದಳು. ಎರಡೂ ಚೆನ್ನಾಗಿವೆ. ನಿಮ್ಮ ಹುಡುಗಿಗೆ ಇವೆರಡನ್ನೂ ಹೇಳಬೇಡಿ. ಅವಳದ್ದೇ ಮೂರನೆಯದು ಬರಲಿ.

ಉಳಿದಂತೆ ಮೂರು ಪಡೆಗಳಲ್ಲಿ ಅಧಿಕಾರಿಗಳ ದರ್ಜೆಗಳು, ಸಿಯಾಚಿನ್‌ನಂಥ ಎತ್ತರದ ಜಾಗದಲ್ಲಿ ಆಮ್ಲಜನಕ ಕಡಿಮೆ ಆದಾಗ ದೇಹಕ್ಕೆ ಏನಾಗುತ್ತದೆ, ಕೊರಿಯಾ ಯುದ್ಧದಲ್ಲಿ ನಮ್ಮ 60 ಪ್ಯಾರಾಶೂಟ್ ಫೀಲ್ಡ್ ಆ್ಯಂಬುಲೆನ್ಸ್ ಅನ್ನುವ ಸೇನಾ ವೈದ್ಯಕೀಯ ತುಕಡಿ ಮಾಡಿದ ಕೆಲಸ, ಇಷ್ಟನ್ನು ಒಂದು ಸಲ ಓದಿಕೊಂಡರೆ ಆಯಿತು.

ಬೆಂಗಳೂರಿನ ತರಬೇತಿ? ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಬೇಡ. ಕೆಲವೇ ದಿನದಲ್ಲಿ ಅವರು ಕೊಡುವುದು ಸಿದ್ಧ ಉತ್ತರ. ಒಂದೇ ಬ್ಯಾಚಿನ ಮಕ್ಕಳೆಲ್ಲ ಒಂದೇ ಮಾತು ಹೇಳುತ್ತಾರೆ, ದಿನವಿಡೀ ಮಕ್ಕಳನ್ನು ಮಾತಾಡಿಸುವ ಬೋರ್ಡಿನವರಿಗೆ ಅದು ಗೊತ್ತಾಗದೆ ಇರುತ್ತಾ? ಆ ದುಡ್ಡಿನ ಒಂದು ಪಾಲು ದಂತವೈದ್ಯರಿಗೂ ಕಣ್ಣಿನ ಡಾಕ್ಟರಿಗೂ ಖರ್ಚು ಮಾಡಿ. ಸುಮ್ನೆ ಹೇಳ್ತಿಲ್ಲ. ಸಂದರ್ಶನ ಆದ ಮೇಲೆ ಸೇನೆಯ ವೈದ್ಯಕೀಯ ತಪಾಸಣೆ ಇದೆ. ಕಣ್ಣು, ಬಣ್ಣ ಗುರುತಿಸುವುದು, ಕಿವಿ, ಹಲ್ಲು, ಪಾದ, ತೂಕ ಎಲ್ಲ ನೋಡುತ್ತಾರೆ. ಕಿವಿಯ ಗುಗ್ಗೆ, ಹುಳುಕು ಹಲ್ಲಿನಂಥ ಸಣ್ಣ ವಿಷಯಕ್ಕೆ ಅಲ್ಲಿ ಹೋಗಿ ಪೇಚಾಡುವುದಕ್ಕಿಂತ ಸಿಂಧನೂರಿನಲ್ಲೇ ಸರಿಮಾಡಿಸಿಕೊಂಡು ಹೋಗುವುದು ಒಳ್ಳೆಯದು. ಕನ್ನಡಕ ಇದ್ದರೆ ನಂಬರಿಗೆ ಮಿತಿ ಇದೆ, ಪುಸ್ತಿಕೆಯ ವೈದ್ಯಕೀಯ ಮಾನದಂಡದ ಪುಟವನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ. ತಪಾಸಣೆಯಲ್ಲಿ ಅನ್‌ಫಿಟ್ ಅಂದರೆ ಮೇಲ್ಮನವಿಗೆ ಅವಕಾಶ ಇರುತ್ತದೆ. ಅದರ ಗಡುವು ಎಷ್ಟು ದಿನ ಅಂತ ಅಲ್ಲೇ ಕೇಳಿಕೊಂಡು ಬರಲಿ.

ತರಬೇತಿಯ ಬದಲು ಹೀಗೆ ಮಾಡಿ. ಊರಿನಲ್ಲಿ ಮೂವರನ್ನು ಹಿಡಿಯಿರಿ: ಅವಳಿಗೆ ಪರಿಚಯವಿಲ್ಲದ ಒಬ್ಬ ಡಾಕ್ಟರ್, ಒಬ್ಬ ನಿವೃತ್ತ ಸೈನಿಕ, ಒಬ್ಬ ಇಂಗ್ಲಿಷ್ ಮೇಷ್ಟ್ರು ಅಥವಾ ಬ್ಯಾಂಕ್ ಮ್ಯಾನೇಜರ್. ಮೇಜಿನ ಆ ಕಡೆ ಅವರು, ಈ ಕಡೆ ಇವಳು. ಬಾಗಿಲು ತಟ್ಟಿ ಒಳಗೆ ಬರುವುದರಿಂದ ಹಿಡಿದು ಥ್ಯಾಂಕ್ ಯು ಹೇಳಿ ಹೊರಡುವವರೆಗೆ. ಹದಿನೈದು ನಿಮಿಷ ಸಾಕು, ಆದರೆ ಎರಡು ಮೂರು ಸಲ ಆಗಲಿ. ನೀವು ಆ ಕೋಣೆಯಲ್ಲಿ ಇರಬೇಡಿ. ಮಾವ ಇದ್ದರೆ ಅವಳು ಪ್ರತಿ ಉತ್ತರಕ್ಕೂ ನಿಮ್ಮ ಮುಖ ನೋಡುತ್ತಾಳೆ.

ಬಟ್ಟೆಗೆ ತಲೆ ಕೆಡಿಸಿಕೊಳ್ಳಬೇಡಿ. ಇಸ್ತ್ರಿ ಮಾಡಿದ ತಿಳಿಬಣ್ಣದ ಚೂಡಿದಾರ್, ಬಿಗಿಯಾಗಿ ಕಟ್ಟಿದ ಕೂದಲು, ಹಳೇ ಚಪ್ಪಲಿ ಬಿಟ್ಟು ಪಾಲಿಶ್ ಮಾಡಿದ ಶೂ. ಹೊಸ ಶೂ ಆದರೆ ವಾರ ಮೊದಲೇ ಹಾಕಿ ಓಡಾಡಲಿ.

ಪುಣೆಗೆ ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ನೇರವಾಗಿ ಹೋಗುತ್ತದೆ, ಕಲಬುರಗಿ, ಸೊಲ್ಲಾಪುರದ ಮೇಲೆ. ಮಳೆಗಾಲದಲ್ಲಿ ರೈಲು ತಡವಾಗಬಹುದು, ಒಂದು ದಿನ ಮೊದಲೇ ಮುಟ್ಟುವ ಹಾಗೆ ಹೊರಡಿ. ಕಾಲೇಜು ಇರುವುದು ವಾನವಡಿಯಲ್ಲಿ, ಕಂಟೋನ್ಮೆಂಟ್ ಕಡೆ. ಹಿಂದಿನ ಸಂಜೆ ಗೇಟಿನವರೆಗೆ ಹೋಗಿ ದಾರಿ ನೋಡಿಕೊಂಡು ಬನ್ನಿ. ಮೂಲ ದಾಖಲೆಗಳು ಒಂದು ಫೈಲಿನಲ್ಲಿ, ಜೆರಾಕ್ಸ್ ಇನ್ನೊಂದರಲ್ಲಿ. ಭಾವನವರೇ ಜೊತೆಗೆ ಹೋಗಲಿ. ಆ ಕ್ಯಾಂಪಸ್ಸನ್ನು, ಅಲ್ಲಿ ಓಡಾಡುವ ಹುಡುಗಿಯರನ್ನು ಕಣ್ಣಾರೆ ನೋಡಿದರೆ ನೀವು ನೂರು ಸಲ ಹೇಳುವುದು ತಪ್ಪುತ್ತದೆ.

ಹೊರಡುವ ಗಡಿಬಿಡಿಯಲ್ಲಿ ಕೆ.ಇ.ಎ. ಕೆಲಸ ಮರೆಯಬೇಡಿ. ಎರಡೂ ಪ್ರಕ್ರಿಯೆ ಅಕ್ಕಪಕ್ಕದಲ್ಲೇ ನಡೆಯುತ್ತಿರುತ್ತವೆ. ಪುಣೆಯ ಫಲಿತಾಂಶಕ್ಕೆ ಕಾಯ್ತಾ ಇಲ್ಲಿನ ಆಪ್ಷನ್ ಎಂಟ್ರಿ ಬಿಟ್ಟರೆ ಎರಡೂ ಕೈತಪ್ಪಬಹುದು. 371(ಜೆ) ಪ್ರಮಾಣಪತ್ರ, ಜಾತಿ–ಆದಾಯ ಪತ್ರ, ಕನ್ನಡ ಮಾಧ್ಯಮದ ಪತ್ರ, ಗ್ರಾಮೀಣ ವ್ಯಾಸಂಗದ ಪತ್ರ ಈಗಲೇ ತಯಾರಿರಲಿ. ಒ.ಟಿ.ಪಿ. ಬರುವ ಮೊಬೈಲ್ ಯಾರ ಹತ್ತಿರ ಇದೆ ಅಂತ ನೋಡಿಕೊಳ್ಳಿ. ಆ ದಿನಗಳಲ್ಲಿ ಅದನ್ನು ನಿಮ್ಮ ಅಂಗಡಿಯಲ್ಲೇ ಇಟ್ಟುಕೊಂಡು ದಿನಾ ಒಂದು ಸಲ ಕೆ.ಇ.ಎ. ಜಾಲತಾಣ ತೆರೆದು ನೋಡುವ ಜವಾಬ್ದಾರಿ ನಿಮ್ಮದು.